ಎಂ. ಆರ್. ಎಸ್. ರಾವ್: ಕ್ರೊಮ್ಯಾಟಿನ್ ಸಂಶೋಧನೆಯಿಂದ ಕ್ಯಾನ್ಸರ್ ಕೋಶದವರೆಗೆ

ಮಂಚನಹಳ್ಳಿ ರಂಗಸ್ವಾಮಿ ಸತ್ಯನಾರಾಯಣ ರಾವ್ (1948–2023) ಕರ್ನಾಟಕದ ಹೆಸರಾಂತ ಆಣ್ವಿಕ ಜೀವವಿಜ್ಞಾನಿ. ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಹೇಗೆ ಅಡಕವಾಗಿರುತ್ತದೆ ಎಂಬುದು ಅವರ ಜೀವಮಾನದ ಅಧ್ಯಯನ. ಅದೇ ತಿಳಿವಳಿಕೆಯನ್ನು ಬೆನ್ನಿಗಿಟ್ಟುಕೊಂಡು ಅವರು ಮಿದುಳಿನ ಕ್ಯಾನ್ಸರ್‌ ಸಂಶೋಧನೆಗೂ ಕೈಹಾಕಿದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರು ಮಿದುಳಿನ ಗೆಡ್ಡೆಯ ಚಿಕಿತ್ಸೆಗೆ ಬಸ್ಸು ಹತ್ತುವುದು ಸಾಮಾನ್ಯವಾಗಿ ಬೆಂಗಳೂರಿಗೆ. ಆ ಊರಿನ ಆಸ್ಪತ್ರೆಗಳ ವೈದ್ಯರೂ ಈ ಸಂಶೋಧನೆಯಲ್ಲಿ ಜೊತೆಗಿದ್ದರು.

ಓದು ಮತ್ತು ವೃತ್ತಿ

ರಾವ್ ಹುಟ್ಟಿದ್ದು 1948ರ ಜನವರಿ 21ರಂದು, ಮೈಸೂರಿನಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದಿಂದ 1966ರಲ್ಲಿ ಬಿ.ಎಸ್ಸಿ., 1968ರಲ್ಲಿ ಎಂ.ಎಸ್ಸಿ. ಪದವಿ ಪಡೆದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1973ರಲ್ಲಿ ಪಿಎಚ್.ಡಿ. ಮುಗಿಸಿ, 1974ರಿಂದ 1976ರವರೆಗೆ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ನಡೆಸಿದರು. ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಾಠ, ಸಂಶೋಧನೆ ಎರಡನ್ನೂ ನಡೆಸಿದರು. 2003ರಿಂದ 2013ರವರೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು. ಆಡಳಿತದ ಹೊಣೆ ಹೊತ್ತಾಗಲೂ ಅಲ್ಲಿನ ಕ್ರೊಮ್ಯಾಟಿನ್ ಪ್ರಯೋಗಾಲಯದ ನಂಟನ್ನು ಬಿಡಲಿಲ್ಲ. 2010ರಲ್ಲಿ ಪದ್ಮಶ್ರೀ ಬಂತು.

ಕ್ರೊಮ್ಯಾಟಿನ್ ಎಂದರೇನು?

ಮನುಷ್ಯನ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಕೋಶಕೇಂದ್ರದಲ್ಲಿ ಹಿಡಿಸುವುದು ಹಿಸ್ಟೋನ್ ಎಂಬ ಪ್ರೋಟೀನುಗಳಿಂದ. ಉಂಡೆಗೆ ದಾರ ಸುತ್ತಿದಂತೆ, ಎಂಟು ಹಿಸ್ಟೋನ್‌ಗಳ ಒಂದೊಂದು ಗುಂಪಿಗೆ 147 ಅಕ್ಷರಜೋಡಿಗಳಷ್ಟು ಡಿಎನ್‌ಎ ಸುತ್ತಿಕೊಂಡಿರುತ್ತದೆ. ಈ ಇಡೀ ಕಟ್ಟಡವೇ ಕ್ರೊಮ್ಯಾಟಿನ್. ಬಿಗಿಯಾಗಿ ಸುತ್ತಿದ ಕಡೆ ಜೀನುಗಳು ಸಾಮಾನ್ಯವಾಗಿ ಸುಮ್ಮನಿರುತ್ತವೆ, ಸಡಿಲವಾದ ಕಡೆ ಕೆಲಸ ಮಾಡುತ್ತವೆ.

ವೀರ್ಯಾಣು ರೂಪುಗೊಳ್ಳುವಾಗ ಈ ಹಿಸ್ಟೋನ್‌ಗಳಲ್ಲಿ ಬಹುಪಾಲು ಜಾಗ ಬಿಡುತ್ತವೆ. ಮೊದಲು 'ಟ್ರಾನ್ಸಿಷನ್ ಪ್ರೋಟೀನು'ಗಳು, ಕೊನೆಗೆ ಪ್ರೋಟಮೀನ್‌ಗಳು ಆ ಜಾಗಕ್ಕೆ ಬರುತ್ತವೆ. ಟ್ರಾನ್ಸಿಷನ್ ಪ್ರೋಟೀನುಗಳಲ್ಲಿ ಒಂದಾದ ಟಿಪಿ2 ಸತುವನ್ನು ಹಿಡಿದುಕೊಂಡು ಡಿಎನ್‌ಎಯನ್ನು ಒತ್ತಾಗಿ ಮಡಿಸುತ್ತದೆ ಎಂಬುದನ್ನು ರಾವ್ ತಂಡ ವಿವರವಾಗಿ ಅಧ್ಯಯನ ಮಾಡಿತು.

ಪ್ರೋಟೀನು ತಯಾರಿಸದ ಆರ್‌ಎನ್‌ಎ

2004ರಲ್ಲಿ ರಾವ್ ಮತ್ತು ಸಂಗಡಿಗರು ಇಲಿಯಲ್ಲಿ ಎಂಆರ್‌ಎಚ್‌ಎಲ್ ಎಂಬ ಆರ್‌ಎನ್‌ಎಯನ್ನು ವರದಿ ಮಾಡಿದರು. ಇದರ ಉದ್ದ ಸುಮಾರು 2,400 ಅಕ್ಷರ. ಇದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಆದರೂ ಇದು ಪಿ68 ಎಂಬ ಪ್ರೋಟೀನಿನ ಜೊತೆಗೂಡಿ, ವೃಷಣದ ಕೋಶಗಳಲ್ಲಿ ಬೆಳವಣಿಗೆಯ ಸೂಚನೆ ಸಾಗಿಸುವ 'ವಿಂಟ್' ಸಂಕೇತಜಾಲವನ್ನು ಹತೋಟಿಯಲ್ಲಿಡುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಈ ಜಾಲದ ಮೊದಲ ಜೀನು 1982ರಲ್ಲಿ ಪತ್ತೆಯಾದದ್ದೇ ಇಲಿಯ ಸ್ತನಗೆಡ್ಡೆಯಲ್ಲಿ. ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರಿನಲ್ಲೂ ಬಹಳಷ್ಟು ಸಲ ಕೆಟ್ಟಿರುವುದು ಇದೇ ಜಾಲ.

ಮಿದುಳಿನ ಗೆಡ್ಡೆಯ ಅಧ್ಯಯನ

ಗ್ಲಯೋಬ್ಲಾಸ್ಟೋಮ ದೊಡ್ಡವರ ಮಿದುಳಿನಲ್ಲಿ ಹುಟ್ಟುವ ಅತಿ ಆಕ್ರಮಣಕಾರಿ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಎಂಬ ಔಷಧ ಮೂರನ್ನೂ ಕೊಟ್ಟ ರೋಗಿಗಳಲ್ಲಿ ಅರ್ಧದಷ್ಟು ಮಂದಿ 15 ತಿಂಗಳು ದಾಟಲಿಲ್ಲ ಎಂದು 2005ರ ದೊಡ್ಡ ಅಧ್ಯಯನವೊಂದು ತೋರಿಸಿತು.

ರಾವ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ಪಿ. ಕೊಂಡಯ್ಯ, ಬೆಂಗಳೂರಿನ ನರರೋಗ ಆಸ್ಪತ್ರೆ ನಿಮ್ಹಾನ್ಸ್‌ನ ರೋಗಶಾಸ್ತ್ರಜ್ಞೆ ವಾಣಿ ಸಂತೋಷ್ ಹಾಗೂ ನರಶಸ್ತ್ರಚಿಕಿತ್ಸಕರು ಈ ರೋಗದ ಬೆನ್ನು ಹತ್ತಿದರು. ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯ ತುಣುಕಿನಿಂದ ಆರ್‌ಎನ್‌ಎ ಬೇರ್ಪಡಿಸಿ, ಯಾವ ಜೀನು ಅತಿಯಾಗಿ ದುಡಿಯುತ್ತಿದೆ, ಯಾವುದು ಸೊರಗಿದೆ ಎಂದು ಅಳೆಯುವುದು ಮೊದಲ ಹೆಜ್ಜೆ. ಮೇಣದಲ್ಲಿ ಕೂರಿಸಿದ ಅಂಗಾಂಶವನ್ನು ತೆಳುವಾಗಿ ಕೊಯ್ದು, ಪ್ರತಿಕಾಯ ಹಾಕಿ, ಆ ಜೀನಿನ ಪ್ರೋಟೀನು ಇರುವ ಕಡೆ ಬಣ್ಣ ಏರಿತೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಎರಡನೆಯದು. 2008ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಎಫ್‌ಎಸ್‌ಟಿಎಲ್1 ಮತ್ತು ಪಿ53 ಎಂಬ ಎರಡು ಪ್ರೋಟೀನುಗಳು ಒಟ್ಟಿಗೆ ಕಂಡುಬಂದ ರೋಗಿಗಳ ಆಯಸ್ಸು ಕಡಿಮೆ.

ಪ್ರಭಾವ

ಮಕ್ಕಳ ಮಿದುಳುಕಾಂಡದ ಕೆಲವು ಗೆಡ್ಡೆಗಳಿಗೆ ಹಿಸ್ಟೋನ್ ಜೀನಿನಲ್ಲೇ ಆಗುವ ಬದಲಾವಣೆ ಕಾರಣ ಎಂದು 2012ರಲ್ಲಿ ವಿದೇಶಿ ತಂಡಗಳು ಕಂಡುಕೊಂಡವು. ರಾವ್ ಜೀವಮಾನವಿಡೀ ಅಧ್ಯಯನ ಮಾಡಿದ ಡಿಎನ್‌ಎಯ ಸುತ್ತುಕಟ್ಟಿಗೂ ಕ್ಯಾನ್ಸರಿಗೂ ಇರುವ ನೇರ ನಂಟು ಅಲ್ಲಿ ಖಚಿತವಾಯಿತು. ರಾವ್ ಅವರ ಕೆಲಸದಿಂದ ಗ್ಲಯೋಬ್ಲಾಸ್ಟೋಮಕ್ಕೆ ಮದ್ದು ಸಿಕ್ಕಿಲ್ಲ. ಆದರೆ ನಮ್ಮದೇ ಆಸ್ಪತ್ರೆಗಳ ರೋಗಿಗಳ ಅಂಗಾಂಶವನ್ನು ನಮ್ಮದೇ ಪ್ರಯೋಗಾಲಯದಲ್ಲಿ ಓದುವ ಪರಿಪಾಠ ಗಟ್ಟಿಯಾಯಿತು, ಕ್ರೊಮ್ಯಾಟಿನ್ ಅಧ್ಯಯನದಲ್ಲಿ ಒಂದು ಶಿಷ್ಯಪರಂಪರೆ ಬೆಳೆಯಿತು. ಅವರು 2023ರ ಆಗಸ್ಟ್ 13ರಂದು ನಿಧನರಾದರು.

ಓದುಗರ ಗಮನಕ್ಕೆ

ವಯಸ್ಕರಲ್ಲಿ ಮೊದಲ ಬಾರಿ ಫಿಟ್ಸ್ ಬಂದರೆ, ಬೆಳಗಿನ ಜಾವ ವಾಂತಿಯೊಡನೆ ತಲೆನೋವು ದಿನೇ ದಿನೇ ಹೆಚ್ಚಿದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ ಅದು ಮಿದುಳಿನ ಗೆಡ್ಡೆಯ ಲಕ್ಷಣವೂ ಇರಬಹುದು; ನಾಟಿ ಮದ್ದು, ಯಂತ್ರ-ತಾಯತವೆಂದು ದಿನ ಕಳೆಯಬೇಡಿ. ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ವೈದ್ಯರು ಸ್ಕ್ಯಾನ್ ಬರೆದುಕೊಟ್ಟರೆ ತಡಮಾಡದೆ ಮಾಡಿಸಿ.