ಸವೆದ ಬೆಟ್ಟದ ಮೇಲೆ ಪೂರ್ವ ಬೆಂಗಳೂರು

ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳ ಆಸುಪಾಸಿನಲ್ಲಿ ಬೆಟ್ಟವೆನ್ನುವಂಥದ್ದು ಇಲ್ಲ. ಜ್ವಾಲಾಮುಖಿಯ ಮಾತಂತೂ ದೂರವೇ ಉಳಿಯಿತು. ಹಾಗಿದ್ದರೂ ಬೆಟ್ಟಗಳ ಹುಟ್ಟನ್ನು ಅರಿಯುವ ಶಾಸ್ತ್ರ ಬೆಳೆದುಬಂದ ಬಗೆಯನ್ನು ಈ ಬಯಲಿನಿಂದಲೇ ಹೇಳತೊಡಗುವುದು ನ್ಯಾಯ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರ ಕೊನೆಯ ತಿಂಗಳುಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಕೆ.ಆರ್. ಪುರದ ಕಡೆಯ ಸಮತಟ್ಟು ನೆಲದಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ 7.43 ಮೈಲಿ ಉದ್ದದ ಗೆರೆಯೊಂದನ್ನು ಅಳೆದರು. 1802ರಲ್ಲಿ ಮದ್ರಾಸಿನಲ್ಲಿ ವಿಧ್ಯುಕ್ತವಾಗಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಇದು ಪೂರ್ವಾಭ್ಯಾಸ. ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ ಉತ್ತರಕ್ಕೆ ಸಾಗಿದ ಆ ಅಳತೆ ಜಾರ್ಜ್ ಎವರೆಸ್ಟ್ ಅವರ ಕಾಲಕ್ಕೆ ಹಿಮಾಲಯದ ಬುಡ ಮುಟ್ಟಿತು. ಅಲ್ಲಿ ಒಂದು ಲೆಕ್ಕ ಹೊಂದಲಿಲ್ಲ.

ಕಲಿಯಾನ ಮತ್ತು ಕಲಿಯಾನಪುರ ಎಂಬ ಎರಡು ಠಾಣೆಗಳ ನಡುವಿನ ಅಂತರವನ್ನು ನೆಲದ ಅಳತೆಯಿಂದಲೂ ನಕ್ಷತ್ರ ನೋಡಿಯೂ ಕಂಡುಹಿಡಿದರು, ಎರಡಕ್ಕೂ 5.236 ಆರ್ಕ್ ಸೆಕೆಂಡಿನ, ಎಂದರೆ ಸುಮಾರು 160 ಮೀಟರಿನ, ವ್ಯತ್ಯಾಸ ಬಂತು. ನಕ್ಷತ್ರ ನೋಡುವಾಗ ನೇರ ತೋರಿಸುವ ತೂಗುಗುಂಡನ್ನು ಹಿಮಾಲಯ ತನ್ನ ಕಡೆ ಎಳೆಯುತ್ತಿದೆ ಎನ್ನೋಣವೆಂದರೆ, ಅಷ್ಟು ದೊಡ್ಡ ಪರ್ವತದ ಸೆಳೆತ 15.885 ಸೆಕೆಂಡ್ ಇರಬೇಕಿತ್ತು ಎಂದು ಕಲ್ಕತ್ತದ ಪಾದ್ರಿ ಜಾನ್ ಹೆನ್ರಿ ಪ್ರ್ಯಾಟ್ ಲೆಕ್ಕ ಹಾಕಿ ತೋರಿಸಿದರು. ಪರ್ವತದ ತೂಕ ಎಲ್ಲಿ ಹೋಯಿತು? 1855ರಲ್ಲಿ ಬ್ರಿಟನ್ನಿನ ಖಗೋಳಜ್ಞ ಜಾರ್ಜ್ ಏರಿ ಕೊಟ್ಟ ಉತ್ತರ, ನನ್ನ ಮಟ್ಟಿಗೆ, ಆ ಶತಮಾನದ ಅತ್ಯಂತ ಸುಂದರ ಊಹೆಗಳಲ್ಲೊಂದು. ನೀರಲ್ಲಿ ತೇಲುವ ದಪ್ಪ ದಿಮ್ಮಿ ಮೇಲೆ ಹೆಚ್ಚು ಎದ್ದಷ್ಟೂ ಕೆಳಗೂ ಹೆಚ್ಚು ಮುಳುಗಿರುತ್ತದೆ. ಹಾಗೆಯೇ ಬೆಟ್ಟದ ಕೆಳಗೆ ಹಗುರ ಶಿಲೆಯ ಆಳವಾದ ಬೇರು ಇದೆ. ಶಿಲೆಯ ಸಾಂದ್ರತೆಯೇ ಜಾಗದಿಂದ ಜಾಗಕ್ಕೆ ಬೇರೆ ಎಂದು ಪ್ರ್ಯಾಟ್ ವಾದಿಸಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತೆಂದು ಮುಂದೆ ತಿಳಿಯಿತು. ಬೆಟ್ಟವನ್ನು ಎತ್ತುವ ಬಲ ಯಾವುದೆಂಬುದಕ್ಕೆ ಮಾತ್ರ 1960ರ ದಶಕದ ಭೂಫಲಕ ಸಿದ್ಧಾಂತದವರೆಗೆ ಕಾಯಬೇಕಾಯಿತು.

ಇತ್ತ ಮೈಸೂರು ಸೀಮೆಯಲ್ಲಿ ಕೆಲಸ ನಡೆದದ್ದು ಕಲ್ಲನ್ನೇ ಓದುವ ದಾರಿಯಲ್ಲಿ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಪದರಶಿಲೆಗಳ ಗುಂಪನ್ನು ಧಾರವಾಡದ ಹೆಸರಿನಿಂದ ಗುರುತಿಸಿದರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಹುಟ್ಟಿತು. ಅದರ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ, ಲಾಲ್‌ಬಾಗ್ ಬಂಡೆಯಲ್ಲಿ ಎಲ್ಲರೂ ಕಾಣಬಹುದಾದ ಕಪ್ಪು-ಬಿಳಿ ಪಟ್ಟೆಗಳ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಧಾರವಾಡದ ಶಿಲೆ ಹಳೆಯದೋ ನೈಸ್ ಹಳೆಯದೋ ಎಂಬ ಜಗಳ ದಶಕಗಳ ಕಾಲ ನಡೆಯಿತು, ಬಿ. ರಾಮರಾವ್, ಬಿ.ಪಿ. ರಾಧಾಕೃಷ್ಣ ಅವರಂಥವರು ಹಳೆಯ ಚೌಕಟ್ಟನ್ನು ಮತ್ತೆ ಮತ್ತೆ ತಿದ್ದಿದರು. ಕೊನೆಗೆ ವಿಕಿರಣಮಾನ ಕಾಲಗಣನೆ ಬಂದು ನೈಸ್‌ಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು ಕೊಟ್ಟಿತು. ಜ್ವಾಲಾಮುಖಿಯ ಗುರುತೂ ಸಿಕ್ಕಿತು: ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಇದೆ, ಕೋಲಾರದ ಚಿನ್ನದ ಪಟ್ಟಿಯೂ ಬಹುಪಾಲು ರೂಪಾಂತರಗೊಂಡ ಲಾವಾವೇ.

ಇದನ್ನೆಲ್ಲ ಸೇರಿಸಿದರೆ ಪೂರ್ವ ಬೆಂಗಳೂರು ನಿಂತಿರುವುದು ಸವೆದುಹೋದ ಬೆಟ್ಟಸಾಲಿನ ಒಡಲಿನ ಮೇಲೆ ಎನ್ನಬೇಕಾಗುತ್ತದೆ. ಅಷ್ಟು ಹಿಂದೆ ಭೂಮಿಯ ಒಡಲು ಬಿಸಿಯಾಗಿ ಮೆತ್ತಗಿತ್ತು, ಹಿಮಾಲಯದಷ್ಟು ಎತ್ತರ ಅದು ತಾಳುತ್ತಿರಲಿಲ್ಲ ಎಂಬ ಆಕ್ಷೇಪಣೆಯುಂಟು. ಆಕ್ಷೇಪಣೆ ಸರಿಯಾದದ್ದೇ, ಎತ್ತರ ಎಷ್ಟಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿನ ನೈಸ್ ಬೆಂದು ಮಡಚಿಕೊಂಡದ್ದು ಹಲವಾರು ಕಿಲೋಮೀಟರ್ ಆಳದಲ್ಲಿ. ಇನ್ನೂ ದಕ್ಷಿಣಕ್ಕೆ, ಕೃಷ್ಣಗಿರಿಯ ಕಡೆ, ಮತ್ತಷ್ಟು ಆಳದ ಶಿಲೆ ಮೇಲೆ ಬಂದಿದೆ. ಮೇಲಿದ್ದದ್ದು ಸವೆಯದೆ ಇವು ಬೆಳಕು ಕಾಣುವಂತಿರಲಿಲ್ಲ. ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ: ಅಷ್ಟೆಲ್ಲ ಸವೆದಮೇಲೂ ಊರು 900 ಮೀಟರ್ ಎತ್ತರದಲ್ಲಿ ಉಳಿದದ್ದು ಹೇಗೆ? ಭಾರ ಇಳಿದಷ್ಟೂ ಬೇರು ಮೇಲೇಳುತ್ತದೆ ಎಂಬ ಏರಿಯವರ ತರ್ಕ ಒಂದು ಪಾಲು ಉತ್ತರ. ಅದೊಂದೇ ಸಾಲದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕಳಚಿಕೊಂಡಾಗ ಉಕ್ಕಿದ ಲಾವಾ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಾಗಿ ನಿಂತಿದೆ, 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಲಾವಾ ಹರಿಯಿತು. ಈ ಬಿರುಕುಗಳ ಕಾಲದಲ್ಲಿ ಪರ್ಯಾಯದ್ವೀಪದ ಪಶ್ಚಿಮದ ಅಂಚು ಮೇಲೆದ್ದಿತು. ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ.

ಆ ಎತ್ತರ ತಂದ ತಂಪಿಗಾಗಿಯೇ ಬ್ರಿಟಿಷರು ಶ್ರೀರಂಗಪಟ್ಟಣದ ಜ್ವರ ಬಿಟ್ಟು 1809ರಲ್ಲಿ ಇಲ್ಲಿ ದಂಡು ಕಟ್ಟಿದರು. ಊರಿಗೆ ಬೇಕಾದ ಚಪ್ಪಡಿಯನ್ನು ಬಂಡೆಯೇ ಕೊಟ್ಟಿತು. ಕಲ್ಲುಕುಟಿಗರು ಬಂಡೆಯ ಮೈಮೇಲೆ ಸೌದೆಯ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ, ಕಾದ ಕಲ್ಲಿನ ಮೇಲೆ ಸುತ್ತಿಗೆ ತಟ್ಟಿ ಸದ್ದು ಕೇಳಿ, ಪದರ ಎಲ್ಲಿಯವರೆಗೆ ಬಿಟ್ಟಿದೆ ಎಂದು ಅಳೆದು ಹಾಸುಗಲ್ಲನ್ನು ಎಬ್ಬಿಸುತ್ತಿದ್ದರು. ಕೋಲಾರದ ಲಾವಾದ ಚಿನ್ನಕ್ಕಾಗಿ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಹೋಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. 2001ರಲ್ಲಿ ಗಣಿ ಮುಚ್ಚಿದಮೇಲೆ ಕೆ.ಜಿ.ಎಫ್.ನ ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಕೆ.ಆರ್. ಪುರ, ದಂಡು ನಿಲ್ದಾಣಗಳಲ್ಲಿ ಇಳಿದು ದುಡಿಯುತ್ತಿದ್ದಾರೆ. ದಂಡಿನಿಂದ ಶಿವಾಜಿನಗರಕ್ಕೆ ಇದೇ ಕಲ್ಲಿನೊಳಗೆ ಮೆಟ್ರೋ ಸುರಂಗ ಕೊರೆದ ಊರ್ಜಾ ಯಂತ್ರ ಸುಮಾರು 850 ಮೀಟರ್ ದಾಟಿ 2021ರ ಸೆಪ್ಟೆಂಬರಿನಲ್ಲಿ ಹೊರಬರುವ ಹೊತ್ತಿಗೆ ಒಂದು ವರ್ಷ ಮೀರಿತ್ತು.

ಎಲ್ಲಕ್ಕಿಂತ ದೊಡ್ಡ ಪರಿಣಾಮ ನೀರಿನದು. ನೈಸ್‌ನ ಗಟ್ಟಿ ಮೈಯಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಆಳಕ್ಕೆ ಹೋದಷ್ಟೂ ಬಿರುಕು ವಿರಳ. ಆದ್ದರಿಂದ ಸಾವಿರ ಅಡಿ ಬೋರ್‌ವೆಲ್ ಕೊರೆಸುವುದು ಬಹುಮಟ್ಟಿಗೆ ಜೂಜು. 2024ರ ಬೇಸಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಪೂರ್ವದ ಬಡಾವಣೆಗಳು ಟ್ಯಾಂಕರ್ ಕಾಯ್ದವು. ಕಾವೇರಿ ನೀರು ಬಂದರೆ ಈ ಚಿಂತೆ ತೀರುತ್ತದೆ ಎನ್ನುವವರಿದ್ದಾರೆ. ಕೊಳಾಯಿ ಬರಲಿ, ಬೇಗ ಬರಲಿ. ಆದರೆ ದಕ್ಷಿಣ ಪಿನಾಕಿನಿಯ ಕಡೆ ಇಳಿಯುವ ಈ ಇಳಿಜಾರಿನ ಮಳೆನೀರನ್ನು ತಡೆದು ಇಂಗಿಸುತ್ತಿದ್ದದ್ದು ಹಲಸೂರು ಕೆರೆಯಿಂದ ಕೆ.ಆರ್. ಪುರದ ಕೆರೆಗಳವರೆಗಿನ ಸಾಲು. ಆ ಕೆರೆಯಂಗಳ, ರಾಜಕಾಲುವೆಗಳ ಮೇಲೆ ಇನ್ನೊಂದು ಕಟ್ಟಡಕ್ಕೆ ಅನುಮತಿ ಕೊಡುವ ಮೊದಲು ಅಧಿಕಾರಿಗಳು ಭೂವಿಜ್ಞಾನಿಯನ್ನು ಕರೆಸಿ ಕೆಳಗಿನ ಕಲ್ಲು ಎಂಥದೆಂದು ಕೇಳಲಿ. ನಿವೇಶನ ಕೊಳ್ಳುವ ನಾವೂ ಅದನ್ನೇ ಕೇಳೋಣ.