ಬ್ಯಾಡಗಿಯ ಹಳಿ, ಮೋಟೆಬೆನ್ನೂರಿನ ಹೆದ್ದಾರಿ

ಪುಣೆಯ ಕಡೆಯಿಂದ ಹರಿಹರಕ್ಕೆ ಬರುವ ಹೆದ್ದಾರಿಯು ಹಾವೇರಿಯನ್ನು ದಾಟಿ, ಮೋಟೆಬೆನ್ನೂರಿನ ಮೇಲೆ ಹಾದು ರಾಣೇಬೆನ್ನೂರನ್ನು ಸೇರುತ್ತದೆ. ಬ್ಯಾಡಗಿಯು ಅದರ ಪಕ್ಕಕ್ಕೆ ಕೆಲವು ಮೈಲುಗಳಾಚೆ ಉಳಿದಿದೆ. ರೈಲುಹಳಿಯಾದರೋ ಮೋಟೆಬೆನ್ನೂರನ್ನು ಬಿಟ್ಟು ಬ್ಯಾಡಗಿಯನ್ನು ಹಿಡಿಯಿತು. ಈ ಸೀಮೆಯ ವ್ಯಾಪಾರದ ಚರಿತ್ರೆಯಲ್ಲಿ ಈ ಭೇದವು ಅಲ್ಪವಾದುದಲ್ಲ.

ಹಳಿಯು ಬಂದುದು ಕ್ಷಾಮದ ಬೆನ್ನಿಗೆ. ಜನರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876–78ರ ಕ್ಷಾಮದಲ್ಲಿ, ಒಂದೆಡೆ ಇದ್ದ ಧಾನ್ಯವನ್ನು ಇನ್ನೊಂದೆಡೆಗೆ ಒಯ್ಯಲು ಎತ್ತಿನ ಗಾಡಿಗಳು ಸಾಲದಾದುವು; ಎತ್ತುಗಳಿಗೇ ಮೇವಿರಲಿಲ್ಲ. 1880ರ ಕ್ಷಾಮ ಆಯೋಗವು ರೈಲುಮಾರ್ಗಗಳನ್ನು ಹೆಚ್ಚಿಸಬೇಕೆಂದು ಒತ್ತಿಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಗಿ, ಆ ದಶಕದಲ್ಲಿಯೇ ಹುಬ್ಬಳ್ಳಿಯಿಂದ ಹರಿಹರದವರೆಗೆ ಮೀಟರ್ ಗೇಜ್ ಹಳಿಯನ್ನು ಹಾಸಿತು. ಕ್ಷಾಮನಿವಾರಣೆಯೊಂದೇ ಉದ್ದೇಶವಾಗಿತ್ತೆಂದು ನಂಬುವುದು ಭೋಳೆತನವಾದೀತು: ಧಾರವಾಡ ಜಿಲ್ಲೆಯ ಹತ್ತಿಯ ಮೇಲೆಯೂ ಕಣ್ಣಿದ್ದಿತು.

1889ರಲ್ಲಿ ಬೆಂಗಳೂರಿನ ಕಡೆಯ ಹಳಿಯು ಹರಿಹರವನ್ನು ಮುಟ್ಟಿತು. ಮುಂಬಯಿ ಪ್ರಾಂತದ ರಾಣೇಬೆನ್ನೂರಿನಲ್ಲಿ ಬಂಡಿಯೇರಿದವನು ತುಂಗಭದ್ರೆಯನ್ನು ದಾಟಿ ಮೈಸೂರು ಸಂಸ್ಥಾನದಲ್ಲಿ ಇಳಿಯುವಂತಾಯಿತು. ಆಳುವ ಸರಕಾರಗಳು ಬೇರೆ. ಎರಡು ದಡಗಳ ಮಾತು ಒಂದೇ. ರಾಜ್ಯಗಳು ಕೂಡಿದುದು 1956ರಲ್ಲಿ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ರೈಲೊಂದೇ ನಿರ್ಮಿಸಿತೆನ್ನುವುದು ಅತಿಶಯೋಕ್ತಿ. ಕಾರ ಕಡಿಮೆಯಾಗಿ ಬಣ್ಣ ಗಾಢವಾದ ಆ ಕಾಯಿಯ ಗುಣವೂ ಅದಕ್ಕೆ ಕಾರಣವೇ. ಆದರೆ ತೂಕದಲ್ಲಿ ಹಗುರವಾಗಿ ಸ್ಥಳವನ್ನು ಬಹಳವಾಗಿ ಬೇಡುವ ಈ ಸರಕನ್ನು ದೂರ ಕಳುಹಿಸುವವರಿಗೆ ನಿಲ್ದಾಣದ ಸಾಮೀಪ್ಯವು ದೊಡ್ಡ ಅನುಕೂಲವೇ ಸರಿ.

ಹಳಿಯು ಊರನ್ನು ರೂಪಿಸುತ್ತದೆಂಬುದನ್ನು ಫ್ರಾನ್ಸಿನ ನಾಂತ್ ನಗರವು ತಡವಾಗಿ ಕಂಡುಕೊಂಡಿತು. 1958ರಲ್ಲಿ ಮೋಟಾರುಗಳಿಗೆ ದಾರಿಮಾಡಿ ತನ್ನ ಟ್ರಾಮನ್ನು ನಿಲ್ಲಿಸಿದ ಆ ನಗರವು 1985ರಲ್ಲಿ ಹೊಸ ಹಳಿಗಳನ್ನು ಹಾಸಿ ಟ್ರಾಮನ್ನು ಮರಳಿ ತಂದಿತು. ಫ್ರಾನ್ಸಿನ ಇತರ ನಗರಗಳೂ ಅದನ್ನು ಅನುಸರಿಸಿದುವು. ಇಲ್ಲಿ ಹಳಿಯನ್ನು ಕೀಳುವ ಪ್ರಸಂಗ ಬರಲಿಲ್ಲ. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಗಿ ಅಗಲವಾಯಿತು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಂದು ಕಾಯಿಯ ಚೀಲಗಳು ಪೇಟೆಗೆ ಬರುವುದು ಲಾರಿಗಳಲ್ಲಿ. ಹೆದ್ದಾರಿಯಲ್ಲಿ ಬರುವ ಲಾರಿಗಳು ಮೋಟೆಬೆನ್ನೂರಿನಲ್ಲಿ ಅದನ್ನು ಬಿಟ್ಟು, ಹಳಿಯಿರುವ ಊರಿನ ಕಡೆಗೆ ತಿರುಗುತ್ತವೆ.