ವ್ಯಾಪಾರ ತೊರೆದ ಮೇಲೆ: ಹಝ್ರತ್ ಅಬೂದರ್ದಾ(ರ) ಅವರ ಬದುಕು

ಮೂವತ್ತು, ನಲ್ವತ್ತು ವರ್ಷ ನಡೆಸಿದ ಅಂಗಡಿಯನ್ನು ಮಾರಿ ಮನೆ ಸೇರಿದ ಹಿರಿಯರು ನಮ್ಮ ನಡುವೆ ಹಲವರಿದ್ದಾರೆ. ಸಾಲ ತೀರಿದೆ, ಮಕ್ಕಳು ದಡ ಸೇರಿದ್ದಾರೆ, ಹಜ್ಜ್ ಕೂಡಾ ನೆರವೇರಿದೆ. ಆದರೂ ಬೆಳಗಾದರೆ ಕೈ ಅಂಗಡಿಯ ಬೀಗದ ಕೈಯನ್ನು ಹುಡುಕುತ್ತದೆ. ‘ಬಿಡುವು ಸಿಕ್ಕಿತಲ್ಲ, ಇನ್ನು ಇಬಾದತ್‌ನಲ್ಲಿ ಕಾಲ ಕಳೆಯಿರಿ’ ಎಂದು ನಾವು ಅವರಿಗೆ ಸಲೀಸಾಗಿ ಹೇಳಿಬಿಡುತ್ತೇವೆ. ಈ ಮಾತು ಎಷ್ಟು ಅಪೂರ್ಣವೆಂಬುದನ್ನು ಅರಿಯಲು ಮದೀನಾದ ವ್ಯಾಪಾರಿಯೊಬ್ಬರ ಚರಿತ್ರೆಯತ್ತ ನಾವು ತಿರುಗಬೇಕಾಗಿದೆ.

ಹಝ್ರತ್ ಅಬೂದರ್ದಾ(ರ) ಅನ್ಸಾರರ ಖಝ್ರಜ್ ಗೋತ್ರದವರು. ಇಸ್ಲಾಮಿಗೆ ಬರುವ ಮೊದಲೇ ವ್ಯಾಪಾರ ಅವರ ವೃತ್ತಿಯಾಗಿತ್ತು. ಸತ್ಯವಿಶ್ವಾಸ ಸ್ವೀಕರಿಸಿದ ಬಳಿಕ ವ್ಯಾಪಾರವನ್ನೂ ಆರಾಧನೆಯನ್ನೂ ಜೊತೆಗೆ ಕೊಂಡೊಯ್ಯಲು ಅವರು ಯತ್ನಿಸಿದರು. ಅವೆರಡೂ ತಮ್ಮಲ್ಲಿ ಒಂದುಗೂಡಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ವ್ಯಾಪಾರವನ್ನು ಬಿಟ್ಟರು. ಆದರೆ ಅಲ್ಲಾಹನು ವ್ಯಾಪಾರವನ್ನು ನಿಷಿದ್ಧಗೊಳಿಸಿದ್ದಾನೆಂದು ತಾವು ಹೇಳುತ್ತಿಲ್ಲವೆಂದೂ ಸ್ಪಷ್ಟಪಡಿಸಿದರು. ಕೊಡುಕೊಳ್ಳುವಿಕೆಯು ಅಲ್ಲಾಹನ ಸ್ಮರಣೆಯಿಂದ ವಿಮುಖಗೊಳಿಸದ ಜನರನ್ನು ಸೂರಃ ಅನ್ನೂರ್ ಪ್ರಶಂಸಿಸುತ್ತದೆ. ಅವರ ಸಾಲಿಗೆ ಸೇರಬೇಕೆಂಬುದಷ್ಟೇ ಅವರ ಹಂಬಲವಾಗಿತ್ತು.

ಇದೇ ಮದೀನಾಕ್ಕೆ ಬರಿಗೈಯಲ್ಲಿ ಹಿಜ್ರತ್ ಬಂದ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ), ತಮ್ಮ ಅನ್ಸಾರಿ ಸಹೋದರ ಕೊಡಲು ಮುಂದಾದ ಅರ್ಧ ಆಸ್ತಿಯನ್ನು ಒಲ್ಲದೆ, ಮಾರುಕಟ್ಟೆಯ ದಾರಿ ಕೇಳಿದವರು. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಅವರೂ ಒಬ್ಬರು. ಆದುದರಿಂದ ವ್ಯಾಪಾರ ತೊರೆಯುವುದೇ ಧರ್ಮನಿಷ್ಠೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುವುದು ಅಬೂದರ್ದಾ(ರ) ಅವರ ಮನೆಯಲ್ಲಿ ನಡೆದ ಘಟನೆ. ಪ್ರವಾದಿವರ್ಯರು(ಸ) ಅವರನ್ನೂ ಹಝ್ರತ್ ಸಲ್ಮಾನ್ ಫಾರಿಸಿ(ರ) ಅವರನ್ನೂ ಸಹೋದರರನ್ನಾಗಿ ಮಾಡಿದ್ದರು. ಒಂದು ದಿನ ಸಲ್ಮಾನ್(ರ) ಮನೆಗೆ ಬಂದಾಗ ಉಮ್ಮುದರ್ದಾ(ರ) ಹಳೆಯ, ಮಾಸಿದ ಉಡುಪಿನಲ್ಲಿದ್ದರು. ಕಾರಣ ಕೇಳಿದರೆ, ನಿಮ್ಮ ಸಹೋದರರಿಗೆ ಈ ಲೋಕದ ಯಾವ ಅಗತ್ಯವೂ ಇಲ್ಲವೆಂದರು. ಆ ಉತ್ತರದಲ್ಲಿ ದೂರೂ ಇದೆ, ಸಂಕೋಚವೂ ಇದೆ. ಮನೆಯಾಕೆಯ ಇಂತಹ ಮಾತು ನಮ್ಮ ಕಿವಿಗೆ ಬಹಳ ತಡವಾಗಿ ಬೀಳುತ್ತದೆ! ಅಬೂದರ್ದಾ(ರ) ಅತಿಥಿಗೆ ಊಟ ಬಡಿಸಿ, ತಾನು ಉಪವಾಸದಲ್ಲಿದ್ದೇನೆಂದರು. ನೀವು ಉಣ್ಣದೆ ನಾನು ಉಣ್ಣಲಾರೆನೆಂದು ಸಲ್ಮಾನ್(ರ) ಹಟ ಹಿಡಿದಾಗ ಉಂಡರು. ರಾತ್ರಿ ನಮಾಝ್‌ಗೆಂದು ಎದ್ದರೆ, ಮಲಗಿರೆಂದು ತಡೆದರು. ಮತ್ತೆ ಎದ್ದಾಗ ಮತ್ತೆ ತಡೆದರು. ರಾತ್ರಿಯ ಕೊನೆಯ ಭಾಗದಲ್ಲಿ ಅವರೇ ಎಬ್ಬಿಸಿ, ಇಬ್ಬರೂ ನಮಾಝ್ ನಿರ್ವಹಿಸಿದರು. ಬಳಿಕ, ಪ್ರಭುವಿಗೂ ದೇಹಕ್ಕೂ ಮನೆಯವರಿಗೂ ಹಕ್ಕುಗಳಿವೆ, ಒಬ್ಬೊಬ್ಬರಿಗೂ ಅವರವರ ಹಕ್ಕನ್ನು ಸಲ್ಲಿಸಬೇಕೆಂದು ತಿಳಿಹೇಳಿದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ, ಸಲ್ಮಾನ್ ಹೇಳಿದ್ದು ಸತ್ಯವೆಂದು ಅವರು ಅನುಮೋದಿಸಿದರು.

ಖಲೀಫಾ ಉಮರ್(ರ) ಅವರ ಕಾಲದಲ್ಲಿ ಶಾಮ್ ನಾಡಿನ ಹೊಸ ಮುಸ್ಲಿಮರಿಗೆ ಕುರ್‌ಆನ್ ಕಲಿಸುವವರು ಬೇಕಾಗಿದ್ದರು. ಆಗ ಹೊರಟ ಸಹಾಬಿಗಳಲ್ಲಿ ಅಬೂದರ್ದಾ(ರ) ಒಬ್ಬರು. ಅವರು ದಮಾಸ್ಕಸ್‌ನಲ್ಲಿ ನೆಲೆಸಿದರು. ಅಲ್ಲಿನ ಮಸೀದಿಯಲ್ಲಿ ಕಲಿಯುವವರನ್ನು ಹತ್ತು ಹತ್ತು ಮಂದಿಯ ಗುಂಪುಗಳನ್ನಾಗಿ ಮಾಡಿ, ಪ್ರತಿ ಗುಂಪಿಗೂ ಒಬ್ಬ ಮೇಲ್ವಿಚಾರಕನನ್ನಿಟ್ಟು, ತಾವು ಮೇಲ್ನೋಟ ವಹಿಸುತ್ತಿದ್ದರು. ಒಮ್ಮೆ ಎಣಿಸಿದಾಗ 1600ಕ್ಕೂ ಮಿಕ್ಕಿ ಜನರಿದ್ದರೆಂದು ವರದಿಯಿದೆ. ಈ ಅಚ್ಚುಕಟ್ಟನ್ನು ಓದುವಾಗ, ಲೆಕ್ಕ ಬಲ್ಲ ಹಳೆಯ ವ್ಯಾಪಾರಿಯೇ ಅಲ್ಲಿ ಕುಳಿತಿರುವಂತೆ ನಮಗೆ ತೋರುತ್ತದೆ. ಅಂಗಡಿ ಹೋದರೂ ಅಂಗಡಿ ಕಲಿಸಿದ್ದು ಹೋಗಿರಲಿಲ್ಲ.

ಅದೇ ನಗರದಲ್ಲಿ ಅವರು ಖಾಝಿಯೂ ಆದರು. ಪವಿತ್ರ ಭೂಮಿಗೆ ಬನ್ನಿರೆಂದು ಅವರು ಸಲ್ಮಾನ್(ರ) ಅವರಿಗೆ ಪತ್ರ ಬರೆದರು. ಮನುಷ್ಯನನ್ನು ಪವಿತ್ರಗೊಳಿಸುವುದು ಭೂಮಿಯಲ್ಲ, ಅವನ ಕರ್ಮ ಎಂದು ಹಳೆಯ ಗೆಳೆಯ ಮರುಬರೆದರು. ನೀವು ವೈದ್ಯರಾಗಿರುವಿರೆಂದು ಕೇಳಿದೆ. ಗುಣಪಡಿಸುವುದಾದರೆ ಒಳ್ಳೆಯದೇ, ಅರಿಯದ ವೈದ್ಯರಾಗಿದ್ದರೆ ಜೀವ ತೆಗೆದು ನರಕದ ಪಾಲಾಗದಂತೆ ಎಚ್ಚರವಿರಲಿ ಎಂಬುದೂ ಆ ಪತ್ರದಲ್ಲಿತ್ತು. ನ್ಯಾಯಪೀಠವನ್ನೇ ಅವರು ವೈದ್ಯವೆಂದು ಕರೆದಿದ್ದರು.

ಅಂದಿನಿಂದ ಅಬೂದರ್ದಾ(ರ) ಇಬ್ಬರ ನಡುವೆ ತೀರ್ಪು ನೀಡಿ, ಅವರು ಬೆನ್ನು ತಿರುಗಿಸಿ ಹೊರಟ ಮೇಲೂ ದಿಟ್ಟಿಸಿ ನೋಡುತ್ತಿದ್ದರು. ತಾನಿನ್ನೂ ಅರಿಯದ ವೈದ್ಯನೇ ಎನ್ನುತ್ತಾ ಅವರನ್ನು ಹಿಂದಕ್ಕೆ ಕರೆದು, ವಿಷಯವನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿಸಿಕೊಳ್ಳುತ್ತಿದ್ದರು.